ಹಿಡಿ ಜೋಳದ ಕಾಲೇಜು

ನಮ್ಮ ಕರುಣಾ ಇವತ್ತು ಕಾಲೇಜಿನ ಮೇಡಂ ಆದಳು. ಊರಿನಲ್ಲಿರುವ ನಿಮಗೆಲ್ಲ ಮೊದಲು ಈ ಸುದ್ದಿ ಹೇಳಿಬಿಡಬೇಕು, ಉಳಿದದ್ದು ಆಮೇಲೆ. ನನ್ನ ಮಗ ಸಮುವೇಲನ ಮಗಳು, ಬೇಸಿಗೆ ರಜೆಗೆ ಊರಿಗೆ ಬಂದರೆ ನನ್ನ ಸೆರಗು ಬಿಡದಿದ್ದ ಕೂಸು, ಬೆಳಿಗ್ಗೆ ಬೆಂಗಳೂರಿನ ಹೇರೋಹಳ್ಳಿಯಲ್ಲಿರುವ ನಮ್ಮ ಕ್ರೈಸ್ತ ಸಭೆಯ ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಇತಿಹಾಸದ ಮೊದಲ ಪಾಠ ಹೇಳಿದಳು. ಪಾಠ ಹೇಳಿದ ಕೋಣೆ ಯಾವುದೆಂದರೆ, ನಾನು ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದ ಕಲ್ಲುಕೋಣೆ. ಈಗ ಸುಣ್ಣ ಬಳಿದು ಕಪ್ಪು ಹಲಗೆ ಹಾಕಿದ್ದಾರೆ. ಎಷ್ಟು ಬಳಿದರೂ ಕಿಟಕಿಯ ಮೇಲಿನ ಮಸಿ ಮಾತ್ರ ಹೋಗಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಒಮ್ಮೆ ಆ ಮಸಿಯನ್ನು ನೋಡುತ್ತಿದ್ದೆ, ಒಮ್ಮೆ ಮೊಮ್ಮಗಳನ್ನು ನೋಡುತ್ತಿದ್ದೆ. ಕಣ್ಣು ತುಂಬಿ ಎರಡೂ ಮಸುಕಾದವು.

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಊರಿನ ಸಭೆಯ ಪತ್ರಿಕೆಗೆ ನೀವೇ ಬರೆದು ಕಳಿಸಿ ಎಂದು ಇಲ್ಲಿನ ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಹೇಳಿದ್ದಕ್ಕೆ ಧೈರ್ಯ ಮಾಡಿದ್ದೇನೆ. ಅಕ್ಷರ ತಪ್ಪಿದ್ದಲ್ಲಿ ಕರುಣಾ ತಿದ್ದಿದ್ದಾಳೆ. ಮಾತು ನನ್ನದೇ.

ನಮ್ಮ ಯಜಮಾನರನ್ನು ಮಣ್ಣಿಗಿಟ್ಟ ಮೇಲೆ ಸಮುವೇಲ ನನ್ನನ್ನು ಇಲ್ಲಿಗೆ ಕರೆತಂದ. ಅವನು ಆಗಲೇ ಸಿಟಿ ಬಸ್ಸಿನ ಕಂಡಕ್ಟರ್ ಆಗಿ ಬೆಂಗಳೂರಿನಲ್ಲಿ ನೆಲೆಯಾಗಿದ್ದ. ಮೊದಲ ಭಾನುವಾರವೇ ನನಗೆ ದಿಗಿಲಾಯಿತು. ಗುಡಿಗೆ, ನಮ್ಮ ಚರ್ಚಿಗೆ, ಹೋಗೋಣ ಬಾ ಅವ್ವಾ ಎಂದು ಕರೆದೊಯ್ದವನು ಕಬ್ಬಿಣ, ಸಿಮೆಂಟು ಮಾರುವ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯ ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಹತ್ತಿದರೆ ಮೇಲೊಂದು ಬಾಡಿಗೆಯ ಹಾಲು, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಮರದ ಶಿಲುಬೆ. ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಕೆಳಗೆ ಕಂಬಿ ಕತ್ತರಿಸುವ ಸದ್ದು. ನಮ್ಮೂರ ಗುಡಿಯಲ್ಲಿ ಕಲ್ಲಿನ ಗೋಡೆ, ಹೊಲದ ತನಕ ಕೇಳುವ ಗಂಟೆ, ಗಂಟೆ ಕೇಳಿ ಮಗ್ಗ ನಿಲ್ಲಿಸಿ ಎದ್ದು ಬರುವ ಜನ. ಇಲ್ಲಿ ದೇವರೂ ನಮ್ಮ ಹಾಗೇ ಬಾಡಿಗೆಗೆ ಇದ್ದಾನಲ್ಲ ಅನ್ನಿಸಿತು. ಅವತ್ತು ಒಂದು ಕೀರ್ತನೆಯೂ ಬಾಯಿಗೆ ಬರಲಿಲ್ಲ.

ಹೇರೋಹಳ್ಳಿ ಅಂತ ಹೆಸರಿನಲ್ಲಿ ಹಳ್ಳಿ ಇದೆ, ಹೊಲ ಇಲ್ಲ. ಹೊಲ ಇದ್ದಲ್ಲಿ ಸೈಟು, ಸೈಟಿನ ಮೂಲೆಗೆ ನಾಲ್ಕು ಕಲ್ಲು. ಮಳೆ ಬಂದರೆ ರಸ್ತೆ ಯಾವುದು, ಗುಂಡಿ ಯಾವುದು ತಿಳಿಯುತ್ತಿರಲಿಲ್ಲ. ನಮ್ಮ ಮನೆ ಕೆಳಗಿನದು, ಮೇಲೆ ಮಾಲೀಕರದು. ನೀರಿನ ಟ್ಯಾಂಕರು ಬಂದಾಗ ಮಾತ್ರ ಅಕ್ಕಪಕ್ಕದವರ ಮುಖ ಕಾಣುತ್ತಿತ್ತು. ಅಂಗಡಿಯಲ್ಲಿ ಶೇಂಗಾ ಕೊಡ್ರಿ ಎಂದರೆ ಹುಡುಗ ಸುಮ್ಮನೆ ನೋಡುತ್ತಿದ್ದ. ಇಲ್ಲಿ ಅದು ಕಡ್ಲೆಕಾಯಿ ಬೀಜ. ಬಿಳಿ ಜೋಳ ಹುಡುಕಿಕೊಂಡು ಸುಂಕದಕಟ್ಟೆ ತನಕ ಹೋಗಿ ತಂದರೆ, ಗಿರಣಿಯವನು ಡಬ್ಬಿಯ ಮುಚ್ಚಳ ತೆಗೆದು ನೋಡಿ ಹಿಂದಕ್ಕೆ ತಳ್ಳಿದ.

"ಅಜ್ಜಿ, ಇದು ರಾಗಿ ಮಿಷಿನ್ನು. ಇದಕ್ಕೆ ನಿಮ್ ಜೋಳ ಹಾಕಿದ್ರೆ ಮುಂದಿನವ್ರು ಬೈತಾರೆ."

"ಮುಂದಿನವ್ರ ರಾಗಿ ಬೀಸಿದ ಮ್ಯಾಲೆ ಹಾಕಪಾ. ನಾ ಏನ್ ಬೈಯೂದಿಲ್ಲ."

ಅವನು ನಕ್ಕ. ಬೀಸಿಯೂ ಕೊಟ್ಟ. ಬೆಂಗಳೂರಿನಲ್ಲಿ ನಾನು ಗೆದ್ದ ಮೊದಲ ಮಾತು ಅದು.

ಆ ಹೊತ್ತಿಗೆ ನಮ್ಮ ಸಭೆಯವರು ಹೇರೋಹಳ್ಳಿಯ ಅಂಚಿನಲ್ಲಿ ಒಂದು ತುಂಡು ನೆಲ ಕೊಂಡಿದ್ದರು. ಅಲ್ಲಿ ಗುಡಿ ಕಟ್ಟುತ್ತಾರೆ ಎಂದುಕೊಂಡಿದ್ದೆ. ಅಯ್ಯನವರು ಮೊದಲು ಕಾಲೇಜು ಎಂದರು. ಸಭೆಯಲ್ಲಿ ವಿಮಲಾ ಮೇಡಂ ಅಂತ ಒಬ್ಬರಿದ್ದರು, ಮದುವೆಯಾಗದೆ ಜೀವನವಿಡೀ ಪಾಠ ಹೇಳಿ ನಿವೃತ್ತರಾದವರು. ಅವರು ಎದ್ದು ನಿಂತು, "ಇಂಜಿನಿಯರಿಂಗ್ ಕಾಲೇಜು ಬೇಕಾದಷ್ಟಿವೆ. ಮನುಷ್ಯರ ಬಗ್ಗೆ ಓದಿಸೋ ಕಾಲೇಜು ಈ ಕಡೆ ಒಂದೂ ಇಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಸಾಹಿತ್ಯ, ಇಷ್ಟರಿಂದ ಶುರು ಮಾಡೋಣ. ಯಾವ ಜಾತಿ, ಯಾವ ಮತ ಅಂತ ಬಾಗಿಲಲ್ಲಿ ಕೇಳೋದು ಬೇಡ" ಎಂದರು. ಅವರೇ ಪ್ರಿನ್ಸಿಪಾಲರಾದರು. ತಗಡಿನ ಶೆಡ್ಡು, ನಡುವೆ ಪರದೆ. ಆಚೆ ಖರ್ಚು ತೂಗಿಸಲು ಕಾಲೇಜು ಕಮಿಟಿ ಸೇರಿಸಿದ ಬಿ.ಕಾಂ., ಈಚೆ ಬಿ.ಎ. ಆಚೆ ಮಕ್ಕಳಿಗೆ ಜಾಗ ಸಾಲದು, ಈಚೆ ಬೆಂಚು ಖಾಲಿ.

ಈಚೆ ಕುಳಿತವರಲ್ಲಿ ನಮ್ಮ ಕರುಣಾ ಒಬ್ಬಳು. ಅವಳು ಇತಿಹಾಸ ಓದುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ಮಾತಾಗಿತ್ತು.

"ಇತಿಹಾಸ ಓದಿ ಏನ್ಮಾಡ್ತಾಳವ್ವಾ?" ಅಂದಿದ್ದ ಸಮುವೇಲ. "ಸತ್ತ ರಾಜರು ಪಗಾರ ಕೊಡ್ತಾರೇನು? ನನ್ನ ಬಸ್ಸಿನ್ಯಾಗ ದಿನಾ ನೋಡ್ತೀನಿ, ಎಲ್ಲಾ ಹುಡುಗೂರು ಕಂಪ್ಯೂಟರ್ ಕ್ಲಾಸಿಗೆ ಹೊಂಟಿರ್ತಾವ."

"ಅಪ್ಪಾ, ಊರಲ್ಲಿ ನಮ್ ಚರ್ಚಿನ ಕಲ್ಲು ಹೊತ್ತೋರು ಯಾರು ಅಂತ ಎಲ್ಲೂ ಬರ್ದಿಲ್ಲ. ಆಯೀನ ಕೇಳಿದ್ರೆ ಗೊತ್ತಿದೆ. ಆಯಿ ಹೋದ್ಮೇಲೆ ಯಾರನ್ನ ಕೇಳೋದು?" ಅಂದಳು ಕರುಣಾ. ಆಯಿ ಅಂದರೆ ನಾನೇ, ಅಜ್ಜಿ. ಅವಳ ಮಾತೆಲ್ಲ ಬೆಂಗಳೂರಿನದು, ಅದೊಂದು ಕರೆ ಮಾತ್ರ ನಮ್ಮೂರಿನದು.

ಸಮುವೇಲ ಅರ್ಜಿಗೆ ಸಹಿ ಹಾಕಿದ. ಒಪ್ಪಿ ಹಾಕಿದ್ದಲ್ಲ.

ಕಾಲೇಜಿಗೆ ಗೋಡೆ ಏಳಬೇಕಲ್ಲ. ಸುಗ್ಗಿ ಹಬ್ಬಕ್ಕೆ ಪ್ರತಿ ಮನೆಯವರೂ ಕಾಲೇಜಿನ ಸಲುವಾಗಿ ಹಿಡಿ ಧಾನ್ಯ ತೆಗೆದಿಡಬೇಕು ಎಂದು ಅಯ್ಯನವರು ಹೇಳಿದರು. ನನಗೆ ಜೀವ ಬಂದ ಹಾಗಾಯಿತು. ಇದು ನಮ್ಮ ಊರಿನದೇ ರೂಢಿ. ದಿನಾ ಅಡುಗೆಗೆ ಅಳೆಯುವ ಮುಂಚೆ ಮೊದಲ ಹಿಡಿ ಬೇರೆ ಗಡಿಗೆಗೆ ಹಾಕುವುದು, ನಮ್ಮತ್ತೆ ಹಾಕುತ್ತಿದ್ದರು, ನಾನೂ ಹಾಕಿದೆ. ಆ ಜೋಳ ಬೋರ್ಡಿಂಗ್ ಶಾಲೆಯ ಮಕ್ಕಳ ಊಟಕ್ಕೆ ಹೋಗುತ್ತಿತ್ತು. ಹಬ್ಬ ಹತ್ತಿರ ಬಂದಾಗ ನಾನು ಕೂಡಿಟ್ಟ ಜೋಳವನ್ನೆಲ್ಲ ಬೀಸಿಸಿ, ಖಡಕ್ ರೊಟ್ಟಿ ಬಡಿದು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ, ದೊಡ್ಡ ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚಿ ಹೊತ್ತು ಮೆಟ್ಟಿಲು ಹತ್ತಿದೆ. ನೋಡುತ್ತೇನೆ, ಎಲ್ಲರೂ ಅಕ್ಕಿ, ರಾಗಿ, ಕುಂಬಳಕಾಯಿ, ಕೋಳಿ ತಂದಿದ್ದಾರೆ. ಇಲ್ಲಿ ಅದನ್ನೆಲ್ಲ ಹರಾಜು ಹಾಕಿ, ಬಂದ ಹಣ ಕಟ್ಟಡಕ್ಕೆ ಕೊಡುತ್ತಾರಂತೆ. ಅಡುಗೆ ಮಾಡಿ ತಂದವಳು ನಾನೊಬ್ಬಳೇ.

ಹರಾಜು ಕೂಗುತ್ತಿದ್ದವರು ಸಭೆಯ ಖಜಾಂಚಿ ಆನಂದರಾಜ್. ಬುಟ್ಟಿಯ ಬಟ್ಟೆ ತೆಗೆದು ತಲೆ ಕೆರೆದುಕೊಂಡರು.

"ಅಮ್ಮಾ, ಕೇಳಿದ್ದು ಧಾನ್ಯ. ನೀವು ಊಟಾನೇ ತಂದ್ಬಿಟ್ಟಿದೀರಲ್ಲ. ಇದನ್ನ ಯಾವ ಲೆಕ್ಕಕ್ಕೆ ಕೂಗ್ಲಿ?"

ಜನ ನಕ್ಕರು. ಸೊಸೆ ಸುನಂದಾ ತಲೆ ತಗ್ಗಿಸಿದಳು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಕಾಲೇಜಿಗೆ ಅಂದ್ರಿ. ಕಾಲೇಜು ಅಂದ್ರ ಮಕ್ಕಳಲ್ಲೇನ್ರಿ? ಹಸೀ ಕಾಳು ಕೊಟ್ರ ತಿನ್ನಾಕ ಅವೇನು ಕೋಳಿ ಮರಿ ಏನು?"

ಆಗ ಎಲ್ಲರಿಗಿಂತ ಜೋರಾಗಿ ನಕ್ಕವರು ವಿಮಲಾ ಮೇಡಂ. "ಆನಂದರಾಜ್, ಅದನ್ನ ಕೂಗ್ಬೇಡಿ, ಪಕ್ಕಕ್ಕಿಡಿ" ಅಂದರು. ಖಡಕ್ ರೊಟ್ಟಿ ಕೆಡುವುದಿಲ್ಲವಲ್ಲ. ಮರುದಿನ ಬುಟ್ಟಿ ಶೆಡ್ಡಿಗೆ ಹೋಯಿತು. ಮಧ್ಯಾಹ್ನ ಗಂಟೆ ಹೊಡೆದಾಗ ಪರದೆಯ ಎರಡೂ ಕಡೆಯ ಮಕ್ಕಳು ಸುತ್ತ ಕುಳಿತರು. ರಾಯಚೂರು ಕಡೆಯ ಮಲ್ಲಪ್ಪ ಎಂಬ ಹುಡುಗ ರೊಟ್ಟಿ ಮುರಿದು ಬಾಯಿಗಿಟ್ಟವನು ಹೊರಗೆ ಎದ್ದು ಹೋದ. ಖಾರ ಹತ್ತಿತೇನೋ ಎಂದು ನೀರು ಹಿಡಿದು ಹೋದರೆ ಗೋಡೆಗೆ ಮುಖ ಮಾಡಿ ನಿಂತಿದ್ದ. "ಏನಿಲ್ಲ ಆಯಿ, ಊರು ಬಿಟ್ಟ ಮ್ಯಾಲೆ ಇವತ್ತ ರೊಟ್ಟಿ ತಿಂದೆ" ಅಂದ. ನನಗೂ ಊರು ನೆನಪಾಗಲು ಅಷ್ಟೇ ಸಾಕಾಗಿತ್ತು. ತಂದ ನೀರನ್ನು ಇಬ್ಬರೂ ಹಂಚಿಕೊಂಡು ಕುಡಿದೆವು.

ಅಂದಿನಿಂದ ನಾನು ವಾರಕ್ಕೊಮ್ಮೆ ರೊಟ್ಟಿ ಒಯ್ಯತೊಡಗಿದೆ. ಆದರೆ ವರ್ಷ ತುಂಬುವಾಗ ಕೆಟ್ಟ ಮಾತು ಕಿವಿಗೆ ಬಿತ್ತು. ಹೊಸ ಮಕ್ಕಳು ಬಂದು ಬೆಂಚು ತುಂಬದಿದ್ದರೆ ಬಿ.ಎ. ಮುಚ್ಚುವುದು, ಇದ್ದವರನ್ನು ಬೇರೆ ಕಾಲೇಜಿಗೆ ಕಳಿಸುವುದು ಎಂದು ಕಮಿಟಿ ತೀರ್ಮಾನ ಮಾಡಿತ್ತು. ಆನಂದರಾಜ್ ಕೆಟ್ಟವರಲ್ಲ, ಬಾಡಿಗೆ, ಸಂಬಳ ನೋಡಿಕೊಳ್ಳಬೇಕಾದವರು. "ಬಿ.ಎ. ಅಂದ್ರೆ ಈಗ ಕಾಲ್ ಸೆಂಟರ್‌ನೋರೂ ತಗೊಳಲ್ಲ ಮೇಡಂ. ಆ ಜಾಗದಲ್ಲಿ ಬಿ.ಬಿ.ಎಂ. ಹಾಕೋಣ" ಅಂದರಂತೆ.

ಸಮುವೇಲನಿಗೆ ಅದು ಕೇಳಿದ್ದೇ ಸಾಕಾಯಿತು. "ನೋಡವ್ವಾ, ಮುಚ್ಚಿದ್ರ ಇಕೀನ್ನ ಕಂಪ್ಯೂಟರಿಗೆ ಹಾಕ್ತೀನಿ. ಬ್ಯಾರೇ ಮಾತಿಲ್ಲ" ಅಂದ. ಕರುಣಾ ಅಳಲಿಲ್ಲ, ಜಗಳ ಮಾಡಲಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ಹಗ್ಗ ಕಟ್ಟಿದಳು. ಆ ಹಗ್ಗದ ಗಂಟನ್ನು ನಾನು ಮೊದಲೂ ಕಂಡಿದ್ದೆ. ನಾನು ಶಾಲೆ ಬಿಟ್ಟ ದಿನ ನನ್ನ ಪಾಟಿಯನ್ನು ಅಪ್ಪ ಹೀಗೇ ಕಟ್ಟಿ ಅಟ್ಟಕ್ಕೆ ಹಾಕಿದ್ದರು. ಅದು ಮತ್ತೆ ಕೆಳಗಿಳಿಯಲಿಲ್ಲ.

ನಮ್ಮ ಮನೆಯ ಹಿಂದೆ ಹೊಸ ಕಟ್ಟಡಗಳ ಸಾಲು ಏಳುತ್ತಿತ್ತು. ಮಣ್ಣು ಹೊರುವವರೆಲ್ಲ ನಮ್ಮ ಕಡೆಯವರು, ತಗಡಿನ ಗುಡಿಸಲುಗಳಲ್ಲಿ ಇದ್ದರು. ಅವರ ಮಕ್ಕಳಲ್ಲಿ ಪಿ.ಯು.ಸಿ. ಮುಗಿಸಿದವರೂ ಇದ್ದಾರೆ ಎಂದು ಮಲ್ಲಪ್ಪ ಹೇಳಿದ್ದ. ಭಾನುವಾರ ಆರಾಧನೆ ಮುಗಿಸಿ ನಾನು, ಕರುಣಾ, ವಿಮಲಾ ಮೇಡಂ ಅವರನ್ನು ಬಿ.ಎ.ಗೆ ಕರೆಯಲು ಹೊರಟೆವು. ಒಂದು ಗುಡಿಸಲ ಮುಂದೆ ಯಲ್ಲವ್ವ ಎಂಬಾಕೆ ಒಲೆಯ ಮುಂದೆ ಕುಳಿತಿದ್ದಳು. ಮಗಳು ರೇಣುಕಾ ಪಾಸಾಗಿ ತಾಯಿಯ ಜೊತೆ ಇಟ್ಟಿಗೆ ಹೊರುತ್ತಿದ್ದಳು. ಮೇಡಂ ಪದವಿ, ಮುಂದಿನ ಓದು, ನೌಕರಿ ಎಲ್ಲ ತಿಳಿಸಿ ಹೇಳಿದರು. ಯಲ್ಲವ್ವ ನನ್ನ ಕಡೆ ತಿರುಗಿದಳು.

"ಯಕ್ಕಾ, ಅದೆಲ್ಲಾ ಖರೆ. ಮಧ್ಯಾಹ್ನ ಇದು ಎಲ್ಲಿ ಉಣ್ತೈತಿ? ಇಲ್ಲಿ ನನ್ನ ಕೂಡ ದುಡದ್ರ ಒಂದು ಹೊತ್ತಿನ ಅನ್ನ ಬೀಳ್ತೈತಿ."

ನಾನು ಯಾರನ್ನೂ ಕೇಳದೆ ಹೇಳಿಬಿಟ್ಟೆ, "ನನ್ನ ಕೈಯಾಗಿನ ರೊಟ್ಟಿ ಉಣ್ತಾಳ. ದಿನಾ."

ಹೇಳುವುದು ಹೇಳಿಯಾಯಿತು. ದಿನಾ ಎಲ್ಲಿಂದ ತರುವುದು? ಮುಂದಿನ ಭಾನುವಾರ ಅಯ್ಯನವರು ಈ ಮಾತನ್ನು ಸಭೆಯ ಮುಂದೆ ಇಟ್ಟರು. ಹಬ್ಬಕ್ಕೊಮ್ಮೆ ಅಲ್ಲ, ವಾರವಾರವೂ ಹಿಡಿ ಧಾನ್ಯ, ಹರಾಜಿಗಲ್ಲ, ಒಲೆಗೆ. ವಿಜಯನಗರದಿಂದ, ಬಸವೇಶ್ವರನಗರದಿಂದ ಬರುವ ದೊಡ್ಡ ಮನೆಯ ಹೆಂಗಸರೂ ಅಕ್ಕಿ ತಂದರು. ರೊಟ್ಟಿ ಬಡಿಯಲು ಕೈಯೇನೋ ಬಗ್ಗಲಿಲ್ಲ, ಸಾರು ಮಾಡಲು ಬಂದರು. ಆ ನೆಲದಲ್ಲಿ ಮೊದಲು ಎದ್ದ ಕಲ್ಲುಕೋಣೆ ಪ್ರಿನ್ಸಿಪಾಲರದಾಗಬೇಕಿತ್ತು. ವಿಮಲಾ ಮೇಡಂ ಅದನ್ನು ಅಡುಗೆಗೆ ಕೊಟ್ಟು ತಾವು ಶೆಡ್ಡಿನ ಮೂಲೆಯಲ್ಲೇ ಉಳಿದರು.

ರೇಣುಕಾ ಬಂದಳು. ಅವಳ ಹಿಂದೆ ಇನ್ನಷ್ಟು ಮಕ್ಕಳು ಬಂದರು. ಸೇರುವ ಕೊನೆಯ ದಿನ ಆನಂದರಾಜ್ ಪರದೆ ಸರಿಸಿ ಈಚೆ ನೋಡಿದರು. ಬೆಂಚು ತುಂಬಿ ಇಬ್ಬರು ನೆಲದ ಮೇಲೆ ಕುಳಿತಿದ್ದರು. ಆನಂದರಾಜ್ ಒಲೆಯ ಹತ್ತಿರ ಬಂದು, "ಅಮ್ಮಾ, ಒಂದ್ ರೊಟ್ಟಿ ಕೊಡಿ" ಅಂದರು. ಕರುಣಾ ಮನೆಗೆ ಹೋಗಿ ಪುಸ್ತಕದ ಹಗ್ಗ ಬಿಚ್ಚಿದಳು.

ಆಮೇಲೆ ಕಾಲೇಜು ನಮ್ಮ ಕಣ್ಣೆದುರೇ ಬೆಳೆಯಿತು. ಪರದೆ ಹೋಗಿ ಗೋಡೆ ಬಂತು, ತಗಡು ಹೋಗಿ ತಾರಸಿ ಬಂತು, ತಾರಸಿಯ ಮೇಲೆ ಮತ್ತೆ ಕೋಣೆ ಎದ್ದವು, ಒಲೆ ಹಿತ್ತಲಿನ ಹೊಸ ಅಡುಗೆಮನೆಗೆ ಹೋಯಿತು. ಪುಸ್ತಕದ ಕೋಣೆಗೆ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಾರೆ. ನಾವು ಮಾತ್ರ ಸಿಮೆಂಟಿನ ಅಂಗಡಿಯ ಮೇಲೆಯೇ ಪ್ರಾರ್ಥನೆ ಮಾಡಿದೆವು. ಗುಡಿಗೆ ಅಡಿಪಾಯ ಬಿದ್ದದ್ದು ಹೋದ ವರ್ಷ. ಅದನ್ನು ನೋಡಲು ವಿಮಲಾ ಮೇಡಂ ಇರಲಿಲ್ಲ. ಅವರನ್ನು ಮಣ್ಣಿಗಿಟ್ಟ ದಿನ ರೇಣುಕಾ, ಮಲ್ಲಪ್ಪ, ಅಲ್ಲಿ ಓದಿದ ಮಕ್ಕಳೆಲ್ಲ ಸರದಿಯಲ್ಲಿ ಹೆಗಲು ಕೊಟ್ಟರು. ಸ್ವಂತ ಮಕ್ಕಳಿಲ್ಲದ ಹೆಣ್ಣುಮಗಳ ಪೆಟ್ಟಿಗೆಗೆ ಅಷ್ಟು ಹೆಗಲು ನಾನು ಬೇರೆಲ್ಲೂ ಕಂಡಿಲ್ಲ.

ಕರುಣಾ ಜ್ಞಾನಭಾರತಿಯಲ್ಲಿ ಎಂ.ಎ. ಮುಗಿಸಿದಳು. ಈಗ ಅದೇ ಕಾಲೇಜಿಗೆ ಪಾಠ ಹೇಳಲು ಬಂದಿದ್ದಾಳೆ. ಇವತ್ತು ಹಲಗೆಯ ಮೇಲೆ ಒಬ್ಬ ರಾಜನ ಹೆಸರನ್ನೂ ಬರೆಯಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮಜ್ಜಿ ಊರು ಯಾವ್ದು? ಅಲ್ಲಿಂದ ಯಾಕೆ ಹೊರಟ್ರು?" ಎಂದು ಕೇಳಿದಳು. ಬಿನ್ನಿಪೇಟೆಯ ಮಿಲ್ಲಿನ ಕೆಲಸಕ್ಕೆ ಬಂದ ಅಜ್ಜಿ, ತಮಿಳುನಾಡಿನಿಂದ ನಡೆದು ಬಂದ ಅಜ್ಜಿ, ಇದೇ ಹೇರೋಹಳ್ಳಿಯ ಹೊಲ ಮಾರಿ ಇದ್ದಲ್ಲೇ ಪರದೇಶಿಯಾದ ಅಜ್ಜಿ, ಎಲ್ಲರೂ ಆ ಕೋಣೆಗೆ ಬಂದರು. ನನ್ನನ್ನು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಏಕೆಂದರೆ ನಮ್ಮವರ ಸಮಾಧಿಯ ಪಕ್ಕದಲ್ಲಿ ನನಗೊಂದು ಜಾಗ ಬಿಟ್ಟಿದ್ದೀರಿ, ಅದು ನನಗೆ ಗೊತ್ತು. ಆ ಕಪ್ಪು ಮಣ್ಣು ಬಿರಿದು ನನ್ನನ್ನು ಕಾಯುತ್ತಿದೆ. ಇಲ್ಲಿ ಮಣ್ಣು ಕೆಂಪು, ಜಾಗವೂ ಕಡಿಮೆ, ಒಬ್ಬರ ಮೇಲೆ ಒಬ್ಬರನ್ನು ಇಡುತ್ತಾರೆ. ಆದರೂ ಆ ಕಿಟಕಿಯ ಮಸಿ ಇರುವುದು ಇಲ್ಲಿ. ಊರಿಗೆ ಬಂದರೆ ಇಲ್ಲಿಯ ಮಕ್ಕಳ ಗದ್ದಲ ಕೇಳುತ್ತದೆ, ಇಲ್ಲಿದ್ದರೆ ಊರಿನ ಗಂಟೆ ಕೇಳುತ್ತದೆ. ಆ ಜಾಗವನ್ನು ಬೇರೆಯವರಿಗೆ ಕೊಡಬೇಡಿ. ನಾನು ಬಂದೇ ಬರುತ್ತೇನೆ ಎಂದು ಬರೆಯಲೂ ಕೈ ಏಳುವುದಿಲ್ಲ.

ಸಂಜೆ ಸುನಂದಾ ಅಡುಗೆಗೆ ಅಳೆಯುವ ಮುಂಚೆ ಡಬ್ಬಿಗಳನ್ನು ಕರುಣಾಳ ಮುಂದಿಟ್ಟಳು. ಕರುಣಾ ಒಂದು ಹಿಡಿ ಅಕ್ಕಿ ತೆಗೆದಳು, ಒಂದು ಹಿಡಿ ಜೋಳ ತೆಗೆದಳು, ಕಾಲೇಜಿನ ಗಡಿಗೆಗೆ ಹಾಕಿದಳು. ಸಮುವೇಲ ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ ಬಂದು ನೆಲದ ಮೇಲೆ ಕುಳಿತ. ನಾಲ್ವರ ತಟ್ಟೆ ಸುತ್ತ, ನಡುವೆ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು. ನಾನು ಪ್ರಾರ್ಥನೆ ಹೇಳಿದೆ, ಇಲ್ಲಿ ಕಂಬಿ ಕತ್ತರಿಸುವ ಸದ್ದಿರಲಿಲ್ಲ.

ಸಮುವೇಲ ಮೊದಲ ರೊಟ್ಟಿಯನ್ನು ಮಗಳ ತಟ್ಟೆಗೆ ಹಾಕಿದ.

"ಉಣ್ರಿ ಮೇಡಮ್ಮಾರೆ" ಅಂದ. ಆಮೇಲೆ ನನ್ನ ಕಡೆ ನೋಡದೆ, "ಸತ್ತ ರಾಜರು ಪಗಾರ ಕೊಟ್ರಲ್ಲವ್ವಾ" ಅಂದ.

"ರಾಜರಲ್ಲಪಾ, ಅಜ್ಜಿಗೋಳು" ಅಂದೆ. ಸುನಂದಾ ಸಾರಿನ ಪಾತ್ರೆ ನನ್ನ ಕಡೆ ಸರಿಸಿದಳು. ಎಲ್ಲರೂ ಕೂಡಿ ಉಂಡೆವು.