ಸೈಕಲ್ಲಿನ ಪ್ರಶ್ನೆಗೆ ಪ್ರಾಣದೇವರು ಕೊಟ್ಟ ಉತ್ತರ

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಯಜಮಾನರಿಗೆ ಕ್ಷಯ ಎಂದು ಗೊತ್ತಾಯಿತು. ತಾಂಬರದ ಕಡೆಯ ಆಸ್ಪತ್ರೆಗೆ ಸೇರಿಸಿದೆವು. ಅವರ ಸೈಕಲ್ಲು ತಿರುವಲ್ಲಿಕ್ಕೇಣಿಯ ನಮ್ಮ ಮನೆಯ ಜಗಲಿಯಲ್ಲಿ ಧೂಳು ತಿನ್ನುತ್ತಾ ನಿಂತಿತು. ಭಾನುವಾರ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಅವರನ್ನು ದೂರದಿಂದ ನೋಡಿ ಬರುತ್ತಿದ್ದೆ. ಹತ್ತಿರ ಬಿಡುತ್ತಿರಲಿಲ್ಲ.

ಅವರ ಅಣ್ಣ, ಅಂದರೆ ನನ್ನ ಭಾವ, ಊರಿನಿಂದ ಬಂದು ಕೂತರು. "ಮನೆ ಖಾಲಿ ಮಾಡಿ ಎಲ್ಲಾರೂ ನಮ್ಮಲ್ಲಿಗೆ ಬಂದ್ಬಿಡಿ. ಅಡುಗೆಗೆ ಒಂದು ಕೈ ಆಗತ್ತೆ" ಎಂದರು. ಆ ಒಂದು ಕೈ ನಾನು! ಗಂಡನನ್ನು ಇಲ್ಲಿ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಇನ್ನೊಬ್ಬರ ಒಲೆ ಮುಂದೆ ಕೂರಲು ನಾನು ತಯಾರಿರಲಿಲ್ಲ. ಕೆಲಸಕ್ಕೆ ಹೋಗುತ್ತೇನೆ ಎಂದೆ. ಭಾವ ನಕ್ಕರು. ನಮ್ಮ ಜೊತೆಗೇ ಇದ್ದ ಅತ್ತೆ ಮಹಾ ಮಡಿಯವರು, ಅವರು ಹೂಬತ್ತಿ ಹೊಸೆಯುತ್ತಲೇ ಇದ್ದರು.

ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸಕ್ಕೆ ಸರ್ಕಾರದವರು ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದರು. ತರಬೇತಿ ಇಂಗ್ಲಿಷಿನಲ್ಲಿ, ಆದ್ದರಿಂದ ಇಂಗ್ಲಿಷ್ ಮಾತಾಡುವ ಪರೀಕ್ಷೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳೇ, ಆದರೆ ಮದುವೆಯಾದ ಮೇಲೆ ಒಂದು ದಿನವೂ ಇಂಗ್ಲಿಷ್ ಆಡಿದವಳಲ್ಲ. ನನ್ನ ಕುಟುಂಬ, ಹಸು, ದೀಪಾವಳಿ, ಎಲ್ಲವನ್ನೂ ಉರುಹೊಡೆದೆ. ದಿನಾ ಪ್ರಾಣದೇವರ ಗುಡಿಗೆ ಹೋಗಿ ಜಗಳವಾಡಿದೆ. "ಸಮುದ್ರ ಹಾರಿದವನು ನೀನು. ನನ್ನ ಬಾಯಿಂದ ನಾಲ್ಕು ಮಾತು ಹೊರಡಿಸಲಾರೆಯಾ? ಆಗದಿದ್ದರೆ ಹೇಳಿಬಿಡು, ಇನ್ನು ಈ ಕಡೆ ಬರುವುದಿಲ್ಲ" ಎಂದೆ.

ಪರೀಕ್ಷೆ ನುಂಗಂಬಾಕ್ಕಂನ ಒಂದು ಕಚೇರಿಯಲ್ಲಿ. ಮೇಜಿನ ಆಚೆ ವಯಸ್ಸಾದ ಅಧಿಕಾರಿ, ಪಕ್ಕದಲ್ಲಿ ಒಬ್ಬ ಲೇಡಿ ಡಾಕ್ಟರು. ಹಸುವೂ ಬರಲಿಲ್ಲ, ದೀಪಾವಳಿಯೂ ಬರಲಿಲ್ಲ. ಅಧಿಕಾರಿ ಕೇಳಿದ್ದು ಸೈಕಲ್ಲಿನ ವಿಷಯ. ಮನೆಯಲ್ಲಿ ಸೈಕಲ್ ಇದೆಯೇ? ಎಸ್ ಸರ್. ನಿಮಗೆ ಬರುತ್ತದೆಯೇ? ನೋ ಸರ್. ಹೆಂಗಸರು ಸೈಕಲ್ ತುಳಿಯುವುದು ಒಳ್ಳೆಯದೇ? ಮನಸ್ಸಿನಲ್ಲೇ ಪ್ರಾಣದೇವರನ್ನು ಕೂಗಿಕೊಂಡೆ. ಒಂದಕ್ಷರ ಬರಲಿಲ್ಲ. ಮುಗಿಯಿತು, ಇನ್ನು ಭಾವನ ಮನೆಯೇ ಗತಿ ಅಂದುಕೊಂಡೆ.

ಅಧಿಕಾರಿ ಡಾಕ್ಟರ ಕಡೆ ತಿರುಗಿ ತಮಿಳಿನಲ್ಲಿ "ಮಾಮಿಕ್ಕು ಸಮಯಲ್ ಪೋದುಂ" ಎಂದರು. ಈ ಮಾಮಿಗೆ, ಅಂದರೆ ನನಗೆ, ಅಡುಗೆಯೇ ಸಾಕು ಅಂತ.

ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲಿ ಇಂಗ್ಲಿಷ್ ಹೊರಬಂತು. ವ್ಯಾಕರಣ ಹೇಗಿತ್ತೋ ದೇವರಿಗೇ ಗೊತ್ತು.

"ಸರ್, ಸೈಕಲ್ ಸೀಟು ಚರ್ಮದ್ದು. ನಮ್ಮ ಮನೆಯ ಹೆಂಗಸರು ಮಡಿಯಲ್ಲಿ ಚರ್ಮ ಮುಟ್ಟುವುದಿಲ್ಲ. ಅದಕ್ಕೇ ನನಗೆ ಯಾರೂ ಕಲಿಸಲಿಲ್ಲ. ಅದನ್ನು ತುಳಿಯುತ್ತಿದ್ದವರು ಆಸ್ಪತ್ರೆಯಲ್ಲಿದ್ದಾರೆ. ಕೆಲಸ ಕೊಡಿ, ನಾಳೆಯೇ ಹತ್ತುತ್ತೇನೆ. ಬಿದ್ದರೆ ಮತ್ತೆ ಹತ್ತುತ್ತೇನೆ. ಹೆರಿಗೆ ನೋವು ತಿನ್ನುವವಳ ಮನೆಗೆ ನಾನು ನಿಧಾನವಾಗಿ ನಡೆದು ಹೋಗುವುದು ಒಳ್ಳೆಯದೇ, ನೀವೇ ಹೇಳಿ!"

ಡಾಕ್ಟರು ಮುಂದಕ್ಕೆ ಬಾಗಿದರು. "ನಿಮ್ಮ ಅತ್ತೆ ಒಪ್ಪುತ್ತಾರೆಯೇ?"

"ಅದು ಈ ಪರೀಕ್ಷೆಯಲ್ಲಿ ಇಲ್ಲ, ಮೇಡಂ" ಎಂದೆ.

ಅವರು ಗಟ್ಟಿಯಾಗಿ ನಕ್ಕು, ಅಧಿಕಾರಿಯ ಮುಖವನ್ನೂ ನೋಡದೆ, ಮುಂದಿನ ತಿಂಗಳು ಸೈಕಲ್ ಕಲಿತು ತರಬೇತಿಗೆ ಬನ್ನಿ ಎಂದರು.

ಮನೆಯಲ್ಲಿ ಭಾವ ಎಗರಾಡಿದರು. "ಸೊಸೆ ಬೀದೀಲಿ ಸೈಕಲ್ ತುಳಿದ್ರೆ ಜನ ಏನಂತಾರಮ್ಮಾ?" ಅತ್ತೆ ಎದ್ದು ಒಳಗೆ ಹೋದರು. ಇವರೂ ಕೈಬಿಟ್ಟರು ಅಂದುಕೊಂಡೆ. ಆದರೆ ಅವರು ಮಡಿಗೆ ಉಡುವ ತಮ್ಮ ಉಣ್ಣೆಯ ಧಾಬಳಿಯನ್ನು ತಂದು, ಕತ್ತರಿ ಹಾಕಿ, ಜಗಲಿಯಲ್ಲೇ ಕೂತು ಸೀಟಿಗೆ ಗವಸು ಹೊಲಿದರು.

"ಉಣ್ಣೆಗೆ ಮೈಲಿಗೆ ಇಲ್ಲ. ಹತ್ತು, ವನಜಾ. ಬಿದ್ರೂ ಪರವಾಯಿಲ್ಲೆ" ಎಂದರು. ಆಮೇಲೆ ಮಗನಿಗೆ, "ನೀನು ಸುಮ್ನೆ ನಿಂತ್ಕೋಬೇಡ. ಹಿಂದೆ ಹಿಡ್ಕೋ!"

ಭಾವ ಹಿಡಿದುಕೊಂಡರು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಎರಡು ವರ್ಷದ ಮೇಲೆ ನಮ್ಮವರು ಗುಣವಾಗಿ ಅದೇ ಮನೆಗೆ ಬಂದರು. ಅಷ್ಟರಲ್ಲಿ ಎಷ್ಟೋ ಮಕ್ಕಳು ನನ್ನ ಕೈಯಲ್ಲಿ ಹುಟ್ಟಿದ್ದವು. ಹೆಂಗಸಿಗೆ ಕೋಪ ಸಲ್ಲದು, ಅದು ತಾಮಸ ಗುಣ ಎಂದು ನನಗೆ ಬುದ್ಧಿ ಹೇಳಿದವರುಂಟು. ಹೇಳಲಿ. ನಾನು ಬೇಡಿದ್ದು ಮಾತು, ಆ ಸ್ವಾಮಿ ಕೊಟ್ಟದ್ದು ಕೋಪ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಿದ್ದೇನೆ. ಅಕ್ಕತಂಗಿಯರೇ, ನಿಮಗೂ ಕೊಟ್ಟರೆ ನುಂಗಿಕೊಳ್ಳಬೇಡಿ.