ಅರವತ್ತಮೂರು ತಪ್ಪೊಪ್ಪಿಗೆಗಳ ಪುಸ್ತಕ

ಕಟಕ್. ಸ್ವಲ್ಪ ಹೊತ್ತು ಮೌನ. ಮತ್ತೆ ಕಟಕ್.

ಶುಕ್ರವಾರ ಬೆಳಗ್ಗೆ ಅಡುಗೆಮನೆಯಲ್ಲಿ ಸಜ್ಜಿಗೆಗೆ ರವೆ ಹುರಿಯುತ್ತಿದ್ದ ಶರ್ಮಿಳಾ ಆ ಸದ್ದು ಯಾವುದೆಂದು ತಿರುಗಿ ನೋಡಬೇಕಾಗಿರಲಿಲ್ಲ. ಹಾಲ್‌ನಲ್ಲಿ ಗಂಡ ಯಜ್ಞೇಶ್ ಕಾಗದಕ್ಕೆ ತೂತು ಹೊಡೆದು ಫೈಲಿಗೆ ಸೇರಿಸುತ್ತಿದ್ದ. ದೋಹಾದ ಒಂದು ಗುತ್ತಿಗೆ ಕಂಪನಿಯಲ್ಲಿ ಟೆಂಡರುಗಳನ್ನು ತೂಗಿ ಅಂಕ ಕೊಡುವುದು ಹನ್ನೊಂದು ವರ್ಷದಿಂದ ಅವನ ಕೆಲಸ. ಪಂಪಿರಲಿ, ಕೇಬಲ್ಲಿರಲಿ, ಮೂರು ಕಡೆಯ ಕೊಟೇಷನ್ ಇಲ್ಲದೆ ಯಾವುದೂ ಅವನ ಮೇಜು ದಾಟುವ ಹಾಗಿಲ್ಲ. ಮದುವೆಗೆ ಮುಂಚೆ ಅವನು ನೋಡಿದ ಹುಡುಗಿಯರೂ ಮೂವರೇ. ತಾನು ಎಷ್ಟು ಅಂಕದಲ್ಲಿ ಗೆದ್ದೆನೆಂದು ಶರ್ಮಿಳಾ ಇಂದಿನವರೆಗೆ ಕೇಳಿದವಳಲ್ಲ. ಕೇಳಿದರೆ ಎಲ್ಲಿ ಫೈಲು ತಂದು ತೋರಿಸುತ್ತಾನೋ ಎಂಬ ಭಯ.

ಅವಳು ಮೂಲ್ಕಿಯವಳು, ದೋಹಾದ ನಜ್ಮಾ ಬಡಾವಣೆಯ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಕತಾರಿನ ಡ್ರೈವಿಂಗ್ ಲೈಸೆನ್ಸನ್ನು ಮೂರನೆಯ ಪ್ರಯತ್ನಕ್ಕೆ ಪಡೆದವಳು. ಯಜ್ಞೇಶನ ಏಳು ಪ್ರಯತ್ನಗಳೂ ರಿವರ್ಸ್ ಪಾರ್ಕಿಂಗಿನ ಕಂಬಗಳ ನಡುವೆ, ಪರೀಕ್ಷಕನ ‘ಖಲಾಸ್’ ಎಂಬ ಒಂದೇ ಮಾತಿನಲ್ಲಿ ಮುಗಿದಿದ್ದವು. ಅಂದಿನಿಂದ ಅವಳು ಓಡಿಸುವುದು, ಅವನು ಪಕ್ಕದಲ್ಲಿ ಕೂತು ಓಡಿಸುವುದು ಹೇಗೆಂದು ಹೇಳಿಕೊಡುವುದು. ಗಂಡನನ್ನು ಆಫೀಸಿಗೆ ಬಿಡಬೇಕು, ಗಂಡನ ಕಡೆಯವರನ್ನು ಏರ್‌ಪೋರ್ಟಿನಿಂದ ತರಬೇಕು, ಭಜನೆಯ ಹೆಂಗಸರನ್ನು ತುಂಬಿಕೊಂಡು ಹೋಗಿ ಪ್ರಸಾದದ ಸಮೇತ ಮನೆಮನೆಗೆ ಇಳಿಸಬೇಕು. ಐದು ವರ್ಷದಲ್ಲಿ ಆ ಕಾರು ಎಂಬತ್ತು ಸಾವಿರ ಕಿಲೋಮೀಟರ್ ಓಡಿತ್ತು. ಅದರಲ್ಲಿ ಅವಳಿಗಾಗಿ ಓಡಿದ್ದು ಒಂದೂ ಇರಲಿಲ್ಲ.

ಹೀಗಿರುವಾಗ ಕಿನ್ನಿಗೋಳಿಯ ಥಿಯೋಡೋರ್ ಹಲ್ಲುನೋವೆಂದು ಕ್ಲಿನಿಕ್ಕಿಗೆ ಬಂದ. ದೋಹಾಕ್ಕೆ ಬರುವ ಮೊದಲು ನಾಲ್ಕು ವರ್ಷ ನಮೀಬಿಯಾದಲ್ಲಿ ರಸ್ತೆ ಕೆಲಸ ಮಾಡಿಸಿದವನು. ಊದಿದ ಕೆನ್ನೆ ಹಿಡಿದುಕೊಂಡೇ ಹೇಳಿದ: “ಅಲ್ಲಿ ಒಂದು ಗಾಡಿ ಬಾಡಿಗೆಗೆ ತಕ್ಕೊಂಡು ಹೊರಟರೆ ತಂಗಿ, ಎರಡು ಗಂಟೆ ಎದುರಿಂದ ಒಂದು ಗಾಡಿ ಬರುವುದಿಲ್ಲ. ಬಂದರೆ ಅವನೂ ಕೈ ಎತ್ತುತ್ತಾನೆ, ನಾವೂ ಕೈ ಎತ್ತುವುದು.”

ಆ ಮಾತು ಅವಳೊಳಗೆ ಒಂದು ಕಿಟಕಿ ತೆರೆದಿಟ್ಟು ಹೋಯಿತು. ಮುಚ್ಚಲು ಅವಳಿಗೆ ಮನಸ್ಸಾಗಲಿಲ್ಲ.

ಆ ವರ್ಷ, ಎಂದರೆ 2007ರಲ್ಲಿ, ಈದ್ ರಜೆಗೆ ಸೇರಿಸಿ ಇಬ್ಬರಿಗೂ ಹದಿನಾಲ್ಕು ದಿನ ಸಿಕ್ಕಿತು. ನಮೀಬಿಯಾಕ್ಕೆ ಹೋಗಿ ಗಾಡಿಯಲ್ಲಿ ತಿರುಗಲು ಯಜ್ಞೇಶ್ ಒಪ್ಪಿದ ಕೂಡ. ಅವನ ಷರತ್ತು ಒಂದೇ: ಯಾವ ಪುಸ್ತಕವನ್ನು ನಂಬಿ ಹೊರಡುವುದೆಂದು ಪದ್ಧತಿ ಪ್ರಕಾರ ತೀರ್ಮಾನವಾಗಬೇಕು. ಮೂರು ಪುಸ್ತಕ ಬಂದವು. ಚಿತ್ರಗಳೇ ತುಂಬಿದ್ದ ಒಂದು, ತೂಕ ಎರಡು ಕಿಲೋ ದಾಟಿದ ಕಾರಣ, ತೆರೆಯುವ ಮೊದಲೇ ಅನರ್ಹವಾಯಿತು. ಉಳಿದದ್ದು ಎರಡು. ದೊಡ್ಡ ಪ್ರಕಾಶಕರ ಹೊಳೆಯುವ ದಪ್ಪ ಪುಸ್ತಕ ಒಂದು. ಇನ್ನೊಂದು ಥಿಯೋಡೋರ್ ಕೊಟ್ಟ ಕಂದು ರಟ್ಟಿನದು. ಯಾರೋ ಮುದಿ ಗಂಡ ಹೆಂಡತಿ ತಾವೇ ಗಾಡಿ ಓಡಿಸಿಕೊಂಡು ಹೋಗಿ ಬರೆದದ್ದು.

“ಆಯ್ತು, ಫೈನಲ್,” ಎಂದು ಯಜ್ಞೇಶ್ ಹಾಲ್‌ನಿಂದ ಕೂಗಿದ. “ದಪ್ಪದ್ದಕ್ಕೆ ತೊಂಬತ್ತೆರಡು. ನಿನ್ನ ಥಿಯೋಡೋರನದ್ದಕ್ಕೆ ನಲವತ್ತೊಂದು.”

ಶರ್ಮಿಳಾ ಸೌಟು ಹಿಡಿದೇ ಬಂದಳು. “ಯಾಕೆ ಮಾರಾಯ್ರೆ ಅಷ್ಟು ಕಮ್ಮಿ?”

“ತಪ್ಪು ಒಪ್ಪಿಕೊಂಡ ಜಾಗ ಅರವತ್ತಮೂರು ಇದೆ. ನಾನೇ ಎಣಿಸಿದ್ದು. ಇಲ್ಲಿ ನೋಡು. ‘ನಾವು ಈ ರಸ್ತೆಯಲ್ಲಿ ಹೋದದ್ದು ಇಲ್ಲಿ ಮಳೆಯಿಲ್ಲದ ಜೂನಿನಲ್ಲಿ, ಮಳೆ ಬಂದರೆ ಹೇಗಿರುತ್ತದೋ ಗೊತ್ತಿಲ್ಲ.’ ಗೊತ್ತಿಲ್ಲವಂತೆ! ‘ಇಲ್ಲಿನ ಬಂಕಿನಲ್ಲಿ ಎರಡು ಸಲವೂ ಪೆಟ್ರೋಲ್ ಇರಲಿಲ್ಲ.’ ‘ಈ ಕವಲಿನಲ್ಲಿ ನಾವು ದಾರಿ ತಪ್ಪಿದೆವು.’ ದಾರಿ ತಪ್ಪಿದವರು ದಾರಿ ತೋರಿಸುವ ಪುಸ್ತಕ ಬರೆಯುವುದಾ ಮಾರಾಯ್ತಿ?”

“ದಪ್ಪದ್ದರಲ್ಲಿ?”

“ಒಂದೇ ಒಂದು ತಪ್ಪೊಪ್ಪಿಗೆ ಇಲ್ಲ. ಎಲ್ಲ ರಸ್ತೆಯೂ ‘ಉತ್ತಮ’. ಕ್ಲೀನ್ ಆಫರ್.”

ಅವನ ಆಫೀಸಿನ ಪದ್ಧತಿ ಅದು. ನಮ್ಮ ಷರತ್ತುಗಳಿಗೆ ಒಪ್ಪಿಗೆಯೇ ಎಂಬ ಪಟ್ಟಿಯ ಮುಂದೆ ಎಲ್ಲದಕ್ಕೂ ‘ಹೌದು’ ಎಂದು ಬರೆದವನಿಗೆ ಪೂರ್ತಿ ಅಂಕ. ‘ಈ ಪಂಪು ಇಲ್ಲಿನ ಸೆಕೆ ತಡೆಯಲಾರದು’ ಎಂದು ಯಾರಾದರೂ ಪ್ರಾಮಾಣಿಕ ಬರೆದುಕೊಟ್ಟರೆ ಅವನು ಅಲ್ಲಿಗೆ ಮುಗಿದ. ಹೀಗೆ ಎಲ್ಲಕ್ಕೂ ಹೌದೆಂದ ಪಂಪುಗಳೇ ಬಂದು, ಪ್ರತಿ ಜುಲೈಯಲ್ಲೂ ಒಂದೊಂದಾಗಿ ನಿಲ್ಲುತ್ತಿದ್ದವು. ಅದು ಬೇರೆ ವಿಭಾಗದ ತಲೆನೋವು.

ಈಗಿನ ತಲೆನೋವು ಮಾತ್ರ ಶರ್ಮಿಳಾಳದ್ದು. ಜಲ್ಲಿ ಹಾಸಿದ ಆರುನೂರ ಇಪ್ಪತ್ತು ಕಿಲೋಮೀಟರನ್ನು ದಪ್ಪ ಪುಸ್ತಕ ಆರು ಗಂಟೆಯಲ್ಲಿ ಮುಗಿಸುತ್ತಿತ್ತು. ಕಂದು ಪುಸ್ತಕ ಅದನ್ನೇ ಎರಡು ದಿನ ಮಾಡಿತ್ತು: ಎಂಬತ್ತಕ್ಕಿಂತ ಜೋರು ಹೋದರೆ ಗಾಡಿ ಮಗುಚುತ್ತದೆ, ಸಂಜೆಯಾದ ಮೇಲೆ ಪ್ರಾಣಿಗಳು ಅಡ್ಡ ಬರುತ್ತವೆ, ಗಾಡಿ ತೆಗೆಯಬೇಡಿ. ಕಂದು ಪುಸ್ತಕವನ್ನು ನಂಬಿದರೆ ತಿರುಗಾಟಕ್ಕೆ ಹದಿನಾಲ್ಕೂ ದಿನ ಬೇಕು, ದಪ್ಪದ್ದನ್ನು ನಂಬಿದರೆ ಒಂಬತ್ತೇ ದಿನ. ಉಳಿದ ಐದು ದಿನ ಊರಿನಲ್ಲಿ ಯಜ್ಞೇಶನ ಅಣ್ಣನ ಹೊಸ ಮನೆಯ ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ. ಅದಕ್ಕೆ ಅವನು ಯಾವ ಅಂಕವನ್ನೂ ಕೊಟ್ಟಿರಲಿಲ್ಲ. ಅದು ತನ್ನಷ್ಟಕ್ಕೆ ಗೆದ್ದಿತ್ತು. ಒಂಬತ್ತು ದಿನದ ಟಿಕೆಟನ್ನು ಟ್ರಾವೆಲ್ಸಿನ ಮೊಯ್ದಿನ್ ಸಂಜೆ ಐದಕ್ಕೆ ಖಾಯಂ ಮಾಡುವವನಿದ್ದ.

“ಓಡಿಸುವುದು ನಾನು,” ಎಂದಳು.

“ಅದಕ್ಕೇ ‘ಅನುಮೋದನೆ’ ಅಂತ ನಿನ್ನ ಹೆಸರು ಹಾಕಿದ್ದು. ತಯಾರಿಸಿದವರು ಯಜ್ಞೇಶ್, ಪರಿಶೀಲಿಸಿದವರು ಯಜ್ಞೇಶ್. ಇಲ್ಲಿ ಒಂದು ಸೈನ್ ಹಾಕು.”

ಸೈನ್ ಹಾಕುವ ಬದಲು ಶರ್ಮಿಳಾ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ‘ಹಿಂದಿನ ಅನುಭವ’ ಎಂಬಲ್ಲಿ ದಪ್ಪ ಪುಸ್ತಕಕ್ಕೆ ಹತ್ತಕ್ಕೆ ಹತ್ತು ಬಿದ್ದಿತ್ತು. ಆ ಪ್ರಕಾಶಕರು ನೂರಿಪ್ಪತ್ತು ಊರುಗಳ ಬಗ್ಗೆ ಪುಸ್ತಕ ತಂದಿದ್ದರಂತೆ.

“ದೋಹಾದ್ದೂ ಉಂಟಾ?”

“ಇಲ್ಲದೆ ಉಂಟಾ! ತಂದಿಟ್ಟಿದ್ದೇನೆ. ಈ ವರ್ಷದ್ದೇ, ಹೊಸ ಪರಿಷ್ಕೃತ ಮುದ್ರಣ.”

“ಹಾಗಾದರೆ ಸಂಜೆ ಮೊಯ್ದಿನಾಕನ ಟ್ರಾವೆಲ್ಸ್ ಅಂಗಡಿಗೆ ಅದನ್ನು ನೋಡಿಕೊಂಡೇ ಹೋಗುವ. ನೀವು ಓದಿ, ನಾನು ಅದು ಹೇಳಿದಲ್ಲಿಗೇ ತಿರುಗಿಸ್ತೇನೆ. ಸರಿಯಾಗಿ ತಲುಪಿದರೆ ಅಲ್ಲಿಯೇ ಸೈನ್ ಹಾಕ್ತೇನೆ.”

ಯಜ್ಞೇಶನಿಗೆ ಇಂಥ ಪರೀಕ್ಷೆಯೆಂದರೆ ಪ್ರಾಣ. ನಾಲ್ಕಕ್ಕೇ ಇಸ್ತ್ರಿ ಅಂಗಿ ಹಾಕಿ ಕೂತ. ಶರ್ಮಿಳಾ ಪಾಸ್‌ಪೋರ್ಟುಗಳನ್ನೂ ಕಂದು ಪುಸ್ತಕವನ್ನೂ ಕೈಚೀಲಕ್ಕೆ ಹಾಕಿಕೊಂಡಳು.

ಅಂಗಡಿ ಇದ್ದದ್ದು ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯ ಹಿಂದಿನ ಬೀದಿಯಲ್ಲಿ. ಯಜ್ಞೇಶ್ ಕನ್ನಡಕ ಏರಿಸಿ, ಟೆಂಡರು ತೆರೆದು ಓದುವ ಗಾಂಭೀರ್ಯದಿಂದ ಓದುತ್ತಾ ಬಂದ. ಮೊದಲ ಬಲತಿರುವು ಒಂದು ಸಿಮೆಂಟಿನ ಗೋಡೆಗೆ ಹೋಗಿ ನಿಂತಿತು. “ಇದು ಸಣ್ಣ ತಪ್ಪು,” ಎಂದ. ಎರಡನೆಯದು ಏಕಮುಖ ರಸ್ತೆ, ಎದುರು ಮುಖ. ಲ್ಯಾಂಡ್‌ಕ್ರೂಸರ್ ಒಂದು ಹಾರ್ನು ಒತ್ತಿಕೊಂಡೇ ಬಂತು. ಅದರಲ್ಲಿದ್ದವನೂ ಕೈ ಎತ್ತಿದ, ಆದರೆ ಅದು ಥಿಯೋಡೋರ್ ಹೇಳಿದ ಬಗೆಯದಲ್ಲ. ಶರ್ಮಿಳಾ ಹಿಂದೆ ತೆಗೆದು ಮುಂದೆ ನಡೆಸಿದಳು.

“ಈಗ ಹೂಜಿ ರೌಂಡಬೌಟು ಬರ್ತದೆ, ನಡುವೆ ಹೂಜಿ ನಿಲ್ಲಿಸಿದ ಸರ್ಕಲ್. ಅಲ್ಲಿ ಎರಡನೇ ದಾರಿ.”

“ಎಲ್ಲಿ?”

“ಇಲ್ಲೇ. ನಕ್ಷೆಯಲ್ಲಿ ಉಂಟು.”

ಅವನ ಬೆರಳು ತೋರಿಸಿದಲ್ಲಿ ಕಿತ್ತಳೆ ಬಣ್ಣದ ತಡೆಗೋಡೆಗಳಿದ್ದವು. ಅವುಗಳಾಚೆ ಎರಡಾಳು ಆಳದ ಹೊಂಡ, ಹೊಂಡದಲ್ಲಿ ಜೆಸಿಬಿ.

“ಆ ರೌಂಡಬೌಟನ್ನು ಕಿತ್ತು ಒಂದು ವರ್ಷ ಆಯ್ತಲ್ಲ,” ಎಂದಳು. “ದಿನಾ ನಿಮ್ಮನ್ನು ಆಫೀಸಿಗೆ ಬಿಡುವಾಗ ಈ ಹೊಂಡವನ್ನೇ ಸುತ್ತು ಹಾಕಿ ಹೋಗುವುದಲ್ವಾ ನಾವು?”

“ನನಗೆ ಗೊತ್ತಿಲ್ವಾ! ಆದರೆ ಪುಸ್ತಕದಲ್ಲಿ ಉಂಟಲ್ಲ.”

ಶರ್ಮಿಳಾ ಗಂಡನ ಮುಖ ನೋಡಿದಳು. ಕಣ್ಣೆದುರಿನ ಹೊಂಡಕ್ಕಿಂತ ಕೈಯಲ್ಲಿದ್ದ ಹಾಳೆಯೇ ನಿಜವೆಂದು ಅವನು ನಂಬಿದ್ದ, ಮಗುವಿನಷ್ಟು ಪೂರ್ತಿಯಾಗಿ. ಅವಳಿಗೆ ಕೋಪಕ್ಕಿಂತ ಮೊದಲು ಮರುಕ ಬಂತು. ಆಮೇಲೆ, ಜಲ್ಲಿಯ ರಸ್ತೆಯಲ್ಲಿ, ಹೊತ್ತು ಮುಳುಗುವಾಗ, ಪಕ್ಕದ ಸೀಟಿನಿಂದ ಇದೇ ದನಿ ‘ಉತ್ತಮ ರಸ್ತೆ, ಹೋಗು’ ಎನ್ನುವುದು ಕೇಳಿಸಿದಂತಾಗಿ ಮರುಕವೂ ಹೋಯಿತು.

ಕಾರನ್ನು ಬದಿಗೆ ಹಾಕಿ ಎಂಜಿನ್ ನಿಲ್ಲಿಸಿದಳು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಹೊಂಡದ ಆಚೆ, ನಡೆದರೆ ಐದು ನಿಮಿಷದಲ್ಲಿ, ಮೊಯ್ದಿನನ ಅಂಗಡಿಯ ಬೋರ್ಡು.

“ಇದನ್ನು ಒಂದು ತಪ್ಪು ಅಂತ ಹಿಡಿಯುವ,” ಎಂದ ಯಜ್ಞೇಶ್, ಜೇಬಿನಿಂದ ಪೆನ್ನು ತೆಗೆಯುತ್ತಾ. “ಎರಡು ಅಂಕ ಕಳೆಯುವ. ಆದರೂ ತೊಂಬತ್ತು ಬರ್ತದೆ.”

“ನಾನು ಮೊಯ್ದಿನಾಕನಿಗೆ ಹದಿನಾಲ್ಕು ದಿನದ ಟಿಕೆಟಿಗೆ ಹೇಳಿ ಬರ್ತೇನೆ. ಕಂದು ಪುಸ್ತಕದ ದಾರಿ.”

“ಹಾಗೆ ಮಾಡ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ಅಣ್ಣನಿಗೆ ಏನು ಹೇಳುವುದು? ಕಮ್ಮಿ ಅಂಕದವನಿಗೆ ಕೊಡಬೇಕಾದರೆ ಕಾರಣ ಬರಿಯಬೇಕು, ಹೊಸ ಸಮಿತಿ ಆಗಬೇಕು, ಮತ್ತೆ ಮೊದಲಿನಿಂದ ಮೂರು ಕೊಟೇಷನ್…”

ಅವಳು ಕೈಚೀಲವನ್ನು ಹೆಗಲಿಗೆ ಹಾಕಿ ಬಾಗಿಲು ತೆರೆದಳು.

“…ಅಲ್ಲದಿದ್ದರೆ ನೀನು ಲಿಖಿತವಾಗಿ ಒಂದು…”

ಕೆಲಸಗಾರರು ಹೊಂಡ ಕಿರಿದಾದ ಕಡೆ ಅಡ್ಡಲಾಗಿ ಒಂದು ಹಲಗೆ ಹಾಸಿದ್ದರು. ಶರ್ಮಿಳಾ ಅದರ ಮೇಲೆ ಒಂದು ಕಾಲಿಟ್ಟು ಅಲುಗುತ್ತದೆಯೇ ಎಂದು ನೋಡಿದಳು. ಅಲುಗುತ್ತಿತ್ತು. ಹುಷಾರಾಗಿ, ಒಂದೊಂದೇ ಹೆಜ್ಜೆ ಇಟ್ಟು ದಾಟಿ, ಅಂಗಡಿಯ ಕಡೆ ನಡೆದಳು.