ಮಡಿವಾಳಪ್ಪನ ತಲೆಗೆ ಹೊರಿಸಿದ ಗಡಿಗೆ

ಧಾರವಾಡದ ನಮ್ಮ ಓಣಿಯಲ್ಲಿ ಚುರಮರಿ ಭಟ್ಟಿ ನಡೆಸುತ್ತಿದ್ದ ಮುತ್ತವ್ವನ ಗಂಡ ಮಡಿವಾಳಪ್ಪ ಎಂಟು ವರ್ಷ ಸಿಂದಿ ಮುಟ್ಟದೆ ಇದ್ದು, ಮೂವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಮತ್ತೆ ಕುಡಿದ. ಓಣಿಯ ಮಂದಿಯೆಲ್ಲ ಅವನಿಗೆ ಉಗಿದರು. ಉಗಿಸಿಕೊಳ್ಳಬೇಕಾದವರು ಬೇರೆಯೇ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುತ್ತವ್ವ ಹೆಬ್ಬಳ್ಳಿಯ ಮಗಳು. ಮದುವೆಯಾದ ಹೊಸತರಲ್ಲಿ ಗಂಡನನ್ನು ಸಿಂದಿ ಅಂಗಡಿಯ ಕಟ್ಟೆಯಿಂದ ಎಬ್ಬಿಸಿಕೊಂಡು ಬರುವುದೇ ಅವಳ ಸಂಜೆಯ ಕೆಲಸ. ಮೂವತ್ತನೆಯ ಇಸವಿಯಲ್ಲಿ ಸಿಂದಿ ಅಂಗಡಿಗಳ ಮುಂದೆ ಗಿರಾಕಿಗಳನ್ನು ತಡೆಯುವ ಪಿಕೆಟಿಂಗ್ ನಡೆದಾಗ ಮಡಿವಾಳಪ್ಪ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದ. ಮುಟ್ಟಲಿಲ್ಲ. ಅವನು ಕಾದ ಮರಳಿನಲ್ಲಿ ಅಕ್ಕಿ ಹುರಿದು ಚುರಮರಿ ಅರಳಿಸುತ್ತಿದ್ದ, ಅವಳು ಜರಡಿ ಹಿಡಿಯುತ್ತಿದ್ದಳು. ಸಂಸಾರ ನಡೆಯಿತು.

ಓಣಿಯ ಪಾನವಿರೋಧಿ ಸಂಘಕ್ಕೆ ಇಷ್ಟು ಸಾಲಲಿಲ್ಲ. ಅದರ ಅಧ್ಯಕ್ಷ, ಹತ್ತಿ ವ್ಯಾಪಾರಿ ಫಕೀರಪ್ಪ ಸಾವಕಾರ ಒಂದು ಪದ್ಧತಿ ಹಾಕಿದ. ಪ್ರತಿವರ್ಷ, ಆಣೆ ಮಾಡಿದ ದಿನ, ಹಲಗೆ ಬಾರಿಸಿಕೊಂಡು ಮೆರವಣಿಗೆ. ಮಡಿವಾಳಪ್ಪನ ತಲೆಯ ಮೇಲೆ ತುಂಬಿದ ಸಿಂದಿ ಗಡಿಗೆ. ನಾಲ್ಕು ಹಾದಿ ಕೂಡುವಲ್ಲಿ ಅವನೇ ಅದನ್ನು ಒಡೆಯಬೇಕು, ತಾನು ಎಂಥ ಹೊಲಸು ಮನುಷ್ಯನಾಗಿದ್ದೆ ಎಂದು ತನ್ನ ಬಾಯಿಂದಲೇ ಹೇಳಬೇಕು, ಆಮೇಲೆ ಮಂದಿಯಿಂದ ಹಾರ ಹಾಕಿಸಿಕೊಳ್ಳಬೇಕು. ಆ ಸಿಂದಿಯನ್ನು ಅದೇ ಅಂಗಡಿಯಿಂದ ಕೊಂಡು ತರುತ್ತಿದ್ದರು! ಇದರಲ್ಲಿ ನಾಚಿಕೆಪಡುವಂಥದ್ದು ಯಾರಿಗೂ ಕಾಣಲಿಲ್ಲ. ಓಣಿಯ ಹುಡುಗರಿಗೂ ಅವನು "ಸಿಂದಿ ಬಿಟ್ಟ ಮಡಿವಾಳಪ್ಪ."

ಆ ವರ್ಷ ಮೆರವಣಿಗೆಯ ಮುಂಜಾನೆ ಅವನು ಹೆಂಡತಿಗೆ ಅಂದ:

"ಈ ಸಲ ಒಲ್ಲೆ ನಾ. ಜ್ವರಾ ಬಂದೈತಿ ಅಂತ ಹೇಳಿ ಕಳಸು."

"ಎಲ್ಲಿ ಜ್ವರಾ? ಮೈ ತಣ್ಣಗ ಐತಿ. ಮಂದಿ ಹಾರಾ ಹಿಡಕೊಂಡು ನಿಂತಾರ, ನಿಮಗ ಸೊಕ್ಕ ಬಂದೈತಿ," ಎಂದು ಮುತ್ತವ್ವ ಒಗೆದ ಅಂಗಿಯನ್ನು ಕೈಗಿತ್ತಳು. ಅದೇ ಓಣಿಯಲ್ಲಿ ತಲೆ ತಗ್ಗಿಸಿ ನಡೆದಿದ್ದವಳಿಗೆ ಆ ಹಾರ ಬೇಕಾಗಿತ್ತು.

ಮೆರವಣಿಗೆಯಲ್ಲಿ ಗಡಿಗೆ ತುಳುಕಿ ಸಿಂದಿ ಅವನ ಮುಖದ ಮೇಲೆ ಇಳಿಯಿತು. ಹಾರ ಹಾಕಿಸಿಕೊಂಡು ಮನೆಗೆ ಬಂದ. ಮರುದಿನ ಕಟ್ಟಿಗೆ ತರಲು ಹೋದವನು ತಿರುಗಿ ಬರಲಿಲ್ಲ. ಸಂಜೆಗೆ ಪಕ್ಕದ ಮನೆಯ ಖಾತುನಬಿ ಬಂದು, "ಅಕ್ಕಾ, ಭಾವಾ ಸಿಂದಿ ಅಂಗಡಿ ಹಿಂದ ಬಿದ್ದಾರ. ಮಂದಿ ಕೂಡೂದರಾಗ ಲಗೂ ನಡೀ," ಎಂದು ಮೆಲ್ಲಗೆ ಹೇಳಿದಳು.

ಅಮಲು ಇಳಿದ ಮೇಲೆ ಮುತ್ತವ್ವ ಕೇಳಿದಳು: "ನನ್ನ ಸಲುವಾಗಿ ಬಿಟ್ಟಿದ್ರಿ ಅಂತ ತಿಳದಿದ್ದೆ. ನಾ ಏನ ಕಡಿಮಿ ಮಾಡಿದ್ದೆ?"

"ನೀ ಏನೂ ಕಡಿಮಿ ಮಾಡಿಲ್ಲ. ಬಿಟ್ಟ ಅಂದ್ರ ಮುಗೀತು ಅಂತ ತಿಳದೀರಿ ನೀವೆಲ್ಲಾ. ಮುಗಿಯಂಗಿಲ್ಲ ಅದು. ದಿನಾ ಎದ್ದು ಇವತ್ತ ಬ್ಯಾಡ ಅಂತೀನಿ. ಆ ಗಡಿಗಿ ಹೊತ್ತ ಮ್ಯಾಲ ವಾಸನಿ ಮೂಗಿನಾಗಿಂದ ಹೋಗಂಗಿಲ್ಲ."

"ಒಮ್ಮೆರೆ ಹೇಳಬಾರದಿತ್ತ?"

"ಹೇಳಿದ್ನಲ್ಲ. ಜ್ವರಾ ಅಂದೆ."

ಎಂದೋ ಗೆದ್ದು ಮುಗಿಸಿದ್ದಾನೆ ಎಂದು ಮುತ್ತವ್ವ ನೆಮ್ಮದಿಯಾಗಿದ್ದ ಕುಸ್ತಿಯನ್ನು, ಅವನು ಅವಳ ಪಕ್ಕದಲ್ಲೇ ಕುಳಿತು, ಒಬ್ಬನೇ ದಿನವೂ ಆಡುತ್ತಿದ್ದ.

ಫಕೀರಪ್ಪ ಸಾವಕಾರ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದ. ಮಠದ ಅಂಗಳದಲ್ಲಿ ಮತ್ತೆ ಗಡಿಗೆ ಒಡೆದು ಮೂಗು ತಿಕ್ಕಿ ಆಣೆ ಮಾಡಬೇಕು, ಇಲ್ಲವಾದರೆ ಓಣಿಯವರು ಅವರ ಚುರಮರಿ ಕೊಳ್ಳುವುದಿಲ್ಲ ಎಂದ.

"ಗಡಿಗಿ ಹೊರಂಗಿಲ್ರಿ ಅವರು," ಎಂದಳು ಮುತ್ತವ್ವ.

"ತಿಳೀದ ಮಾತಾಡಬ್ಯಾಡವಾ ತಂಗಿ. ಸಂಘದ ಹೆಸರ ಏನಾಗಬೇಕು?"

"ಜೀವಂತ ಮನಷ್ಯಾಗ ವರ್ಷಾ ವರ್ಷಾ ತಿಥಿ ಮಾಡಿದ್ರಿ, ಸಾಕ್ರಿ ಸಾವಕಾರ್ರ. ಒಡೀಬೇಕಂದ್ರ ನಿಮ್ಮ ತಲಿ ಮ್ಯಾಲ ಹೊತ್ತು ಒಡೀರಿ."

ಸಾವಕಾರ ಹೇಳಿದಂತೆಯೇ ಓಣಿ ಅವರ ಚುರಮರಿ ಕೊಳ್ಳುವುದನ್ನು ಬಿಟ್ಟಿತು. ಕೆಟ್ಟದ್ದಕ್ಕೆ ಒಗ್ಗಟ್ಟು ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. ಗಂಡಹೆಂಡತಿ ಭಟ್ಟಿ ಕಿತ್ತುಕೊಂಡು ಊರಿನ ಇನ್ನೊಂದು ಭಾಗದ ಮಾಳಮಡ್ಡಿಗೆ ಹೋದರು. ಅಲ್ಲಿ ಅವನ ಹಳೆಯ ಕತೆ ಯಾರಿಗೂ ಬೇಕಾಗಿರಲಿಲ್ಲ. ಚುರಮರಿ ಗರಿಗರಿಯಾಗಿದ್ದರೆ ಸಾಕಿತ್ತು.

ಅಲ್ಲಿಯೂ ಮಡಿವಾಳಪ್ಪ ಒಮ್ಮೆ ಕುಡಿದ. ಇದನ್ನು ಮುಚ್ಚಿಟ್ಟರೆ ನಾನೂ ಸಂಘದವನೇ ಆದೇನು. ಆದರೆ ಆ ದಿನ ಅವನೇ ನಡೆದು ಬಂದು ಹೊಸ್ತಿಲ ಹೊರಗೆ ನಿಂತು, "ಇವತ್ತ ಸೋತ್ನಿ," ಎಂದ. ಮುತ್ತವ್ವ ಬೈದಳು, ಅತ್ತಳು. ಆಮೇಲೆ ಕಾಲಿಗೆ ನೀರು ಕೊಟ್ಟು, "ಒಳಗ ಬರ್ರಿ, ಎರಡ ತುತ್ತರೆ ಉಣ್ರಿ," ಎಂದಳು.